ಹೊರಗೆ ಹೋಗೋಕೂ ಒಂದು ಅರ್ಜಿ

ನಾನು ಬಿಇ ಓದಿದ್ದು ಎಲೆಕ್ಟ್ರಾನಿಕ್ಸ್‌ನಲ್ಲಿ, ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರು. ಕಾಲೇಜು ಬಿಟ್ಟ ಮೇಲೆ ಸೋಲ್ಡರಿಂಗ್ ಐರನ್ ಹಿಡಿದ ನೆನಪಿಲ್ಲ. ಆದರೂ ಆಫೀಸಿನಲ್ಲಿ ಯಾವುದಾದರೂ ವೈರು ಗೋಡೆಯಿಂದ ಈಚೆ ನೇತಾಡ್ತಿದ್ರೆ ಎಲ್ಲರ ಕಣ್ಣೂ ನನ್ನ ಕಡೆಗೇ. ಪ್ರೊಜೆಕ್ಟರ್ ಕೈಕೊಟ್ರೆ ನಾನು, ಯುಪಿಎಸ್ ಕುಯ್ಯೋ ಅಂದ್ರೆ ನಾನು. ಹಾಗಾಗಿ ನಮ್ಮ ಬಾಗಿಲಿಗೆ ಆಕ್ಸೆಸ್ ಕಂಟ್ರೋಲರ್ ಹಾಕಿಸಬೇಕು ಅಂತ ತೀರ್ಮಾನ ಆದ ದಿನ, ಅದರ ಉಸ್ತುವಾರಿ ಯಾರದ್ದು ಅಂತ ಯಾರೂ ಕೇಳಲೇ ಇಲ್ಲ.

ನಮ್ಮದು ಸಣ್ಣ ಕಂಪನಿ. ಜೆ.ಪಿ. ನಗರದಲ್ಲಿ ಬೇಕರಿಯೊಂದರ ಮೇಲೆ ಎರಡನೇ ಮಹಡಿ. 28 ಜನ, ಒಂದೇ ಬಾಗಿಲು. ಇಷ್ಟು ವರ್ಷ ಆ ಬಾಗಿಲಿಗೆ ಇದ್ದದ್ದು ಒಂದು ಬೀಗ, ಎರಡು ಕೀಲಿಕೈ. ಒಂದು ಬಾಸ್ ಹತ್ತಿರ. ಇನ್ನೊಂದು, ಬೆಳಿಗ್ಗೆ ಆರೂವರೆಗೆ ಬಂದು ಕಸ ಗುಡಿಸಿ ನೆಲ ಒರೆಸಿ ಕಾಫಿ ಫ್ಲಾಸ್ಕು ತೊಳೆದಿಡೋ ಅಕ್ಕನ ಹತ್ತಿರ. ಅವರು ಅದನ್ನ ತಾಳಿಸರದ ಪಕ್ಕ ಒಂದು ಪಿನ್ನಿಗೆ ಸಿಕ್ಕಿಸ್ಕೊಂಡಿರ್ತಿದ್ರು. ನಾಲ್ಕು ವರ್ಷದಲ್ಲಿ ಒಂದು ದಿನ ಕೀ ಕಳೆದಿಲ್ಲ, ಒಂದು ದಿನ ಬಾಗಿಲು ತಡವಾಗಿಲ್ಲ. ನಮ್ಮ ಸರ್ವರ್‌ಗಳಿಗೆ ಈ ಮಾತು ಹೇಳೋಕಾಗಲ್ಲ.

ಆದ್ರೆ ಹೊಸ ಕ್ಲೈಂಟಿನವರು ಒಂದು ಎಕ್ಸೆಲ್ ಹಾಳೆ ಕಳಿಸಿದ್ರು. ಐಎಸ್‌ಒ 27001 ಅಂತ ಶುರುವಾಗೋ ನೂರಾರು ಸಾಲು. ಅದರಲ್ಲೊಂದು ಸಾಲು: ನಿಮ್ಮ ಆಫೀಸಿನೊಳಗೆ ಯಾರು, ಯಾವ ಹೊತ್ತಿಗೆ ಬಂದರು ಅನ್ನೋದಕ್ಕೆ ದಾಖಲೆ ಇದೆಯಾ? ಅಕ್ಕನ ಪಿನ್ನು ದಾಖಲೆ ಅಲ್ಲ. ಹಾಗಾಗಿ ಕಾರ್ಡು, ರೀಡರು, ಕಂಟ್ರೋಲರು.

ಇದನ್ನೆಲ್ಲ ದಿನಾ ಮುಟ್ಟೋ ನಿಮಗೆ ಒಂದು ವಿಷಯ ಹೇಳ್ಬೇಕು. ಬಾಗಿಲ ಪಕ್ಕ ಕೆಂಪು ದೀಪ ಹೊತ್ತಿಸ್ಕೊಂಡು ಕೂತಿರೋ, ನೀವು ಕಾರ್ಡು ತೋರಿಸೋ ಆ ಕಪ್ಪು ಡಬ್ಬಿ ಬಾಗಿಲು ತೆಗೆಯಲ್ಲ. ಅದು ಬರೀ ರೀಡರು, ಅಂದ್ರೆ ಬಾಗಿಲು ಕಾಯೋ ಹುಡುಗ. ಕಾರ್ಡಿನಲ್ಲಿರೋ ನಂಬರನ್ನ ಓದಿ ಒಳಗಡೆಗೆ ಕೂಗಿ ಹೇಳ್ತಾನೆ, ಅಷ್ಟೆ. ತೀರ್ಮಾನ ಮಾಡೋ ಯಜಮಾನ ಒಳಗೆ, ಸಾಮಾನ್ಯವಾಗಿ ಫಾಲ್ಸ್ ಸೀಲಿಂಗ್ ಹತ್ತಿರ, ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂತಿರ್ತಾನೆ. ಅವನೇ ಕಂಟ್ರೋಲರ್. ಅವನ ಒಂದು ರಿಲೇ ಟಕ್ ಅಂದ್ರೆ ಬಾಗಿಲಿನ ಮೇಲಿರೋ ಆಯಸ್ಕಾಂತಕ್ಕೆ ಕರೆಂಟು ನಿಲ್ಲತ್ತೆ, ಬಾಗಿಲು ಬಿಡತ್ತೆ.

ಇಬ್ಬರನ್ನೂ ಒಂದೇ ಡಬ್ಬಿಯಲ್ಲಿ ಹಾಕಿರೋ ಅಗ್ಗದ ಸಾಮಾನೂ ಸಿಗತ್ತೆ. ಮೂರು ಸಾವಿರ ಉಳಿಯತ್ತೆ ಅಂತ ಜನ ಅದನ್ನೇ ತಗೋತಾರೆ. ಆಗ ರಿಲೇ ಬಾಗಿಲಿನ ಹೊರಗೆ ಇರತ್ತೆ. ಎರಡು ಸ್ಕ್ರೂ ಬಿಚ್ಚಿ, ಹಿಂದಿನ ಎರಡು ವೈರು ತಡಕಾಡಿದ್ರೆ ಕಾರ್ಡು ಬೇಡ, ಪಾಸ್‌ವರ್ಡು ಬೇಡ. ಮನೆ ಕೀಲಿಕೈನ ಜಗಲಿ ಮೇಲಿನ ಗೂಡಲ್ಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ ಹೋದ ಹಾಗೆ. ಕಂಟ್ರೋಲರ್ ಒಳಗಿನ ಗೋಡೆಗೇ ಇರ್ಬೇಕು ಅನ್ನೋದರಲ್ಲಿ ನಾನು ಮೊದಲ ದಿನದಿಂದ ಬಿಗಿ ಹಿಡಿದೆ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಒಳಗೆ ಬರೋರ ವಿಷಯದಲ್ಲಿ ಎಲ್ಲರೂ ಬುದ್ಧಿವಂತರೇ.

ತಕರಾರು ಬಂದದ್ದು ಹೊರಗೆ ಹೋಗೋರ ವಿಷಯದಲ್ಲಿ.

ವೆಂಡರ್ ಕಳಿಸಿದ ಕೋಟೇಶನ್‌ನಲ್ಲಿ ಎರಡು ರೀಡರ್ ಇದ್ವು. ಒಂದು ಹೊರಗೆ, ಒಂದು ಒಳಗೆ. ಒಳಗೆ ಬರೋಕೆ ಕಾರ್ಡು ತೋರಿಸ್ಬೇಕು, ಹೊರಗೆ ಹೋಗೋಕೂ ತೋರಿಸ್ಬೇಕು. ಯಾಕೆ? ಯಾರು ಎಷ್ಟು ಗಂಟೆ ಒಳಗೆ ಕೂತಿದ್ರು ಅನ್ನೋ ಲೆಕ್ಕ ಬರತ್ತೆ. ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಇದೇ ಕ್ರಮ. ಟೀ ಕುಡಿಯೋಕೆ ಹೋದ 17 ನಿಮಿಷ ಕಳೆದು ತಿಂಗಳ ಕೊನೆಗೆ ಮೇಲ್ ಬರೋದು ನಿಮಗೂ ಗೊತ್ತಿರಬಹುದು. ಬೀಗದ ಜಾಗದಲ್ಲಿ ಎಲೆಕ್ಟ್ರಿಕ್ ಬೋಲ್ಟ್ ಅಂತ ಬರೆದಿದ್ರು. ಪಕ್ಕದಲ್ಲಿ ಒಂದು ಪದ: ಫೇಲ್ ಸೆಕ್ಯೂರ್.

ಈ ಪದ ಕೇಳೋಕೆ ಗಟ್ಟಿಮುಟ್ಟಾಗಿದೆ. ಸೆಕ್ಯೂರ್ ಅಂದ್ಮೇಲೆ ಒಳ್ಳೇದೇ ಅಲ್ವಾ ಅಂತ ಬಾಸ್ ಕೇಳಿದ್ರು. ಅದರ ಅರ್ಥ ಇಷ್ಟು: ಕರೆಂಟು ಹೋದಾಗ ಬೀಗ ಬಿದ್ದೇ ಇರತ್ತೆ. ಇನ್ನೊಂದು ಜಾತಿ ಫೇಲ್ ಸೇಫ್: ಕರೆಂಟು ಹೋದಾಗ ಬೀಗ ಬಿಡತ್ತೆ. ಆಯಸ್ಕಾಂತದ ಬೀಗ ಹುಟ್ಟಿನಿಂದಲೇ ಎರಡನೇ ಜಾತಿ, ಯಾಕಂದ್ರೆ ಕರೆಂಟಿಲ್ಲದೆ ಅದಕ್ಕೆ ಹಿಡಿಯೋಕೇ ಬರಲ್ಲ. ಎರಡರಲ್ಲಿ ಯಾವುದು ಸೇಫು ಅನ್ನೋದು ನೀವು ಬಾಗಿಲಿನ ಯಾವ ಕಡೆ ನಿಂತಿದ್ದೀರಿ ಅನ್ನೋದರ ಮೇಲಿದೆ.

ನಮ್ಮೂರು ಅರಸೀಕೆರೆ ಕಡೆ. ಅಜ್ಜನ ಕಾಲದ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ತಲೆಬಾಗಿಲಿಗೆ ಒಳಗಡೆ ಅಗುಳಿ, ಹೊರಗಡೆ ಚಿಲಕ. ಅಗುಳಿ ನೋಡಿಲ್ಲದವರಿಗೆ ಹೇಳ್ತೀನಿ: ಅದೊಂದು ಮರದ ತೊಲೆ. ಹಗಲೆಲ್ಲ ಗೋಡೆಯೊಳಗಿನ ತೂತಿನಲ್ಲಿ ಮಲಗಿರತ್ತೆ, ರಾತ್ರಿ ಅದನ್ನ ಈಚೆ ಎಳೆದು ಬಾಗಿಲಿಗೆ ಅಡ್ಡ ಕೂರಿಸ್ತಾರೆ. ಎರಡಕ್ಕೂ ಬೇರೆ ಬೇರೆ ಕಾನೂನು. ಒಳಗೆ ಜನ ಇದ್ರೆ ಅಗುಳಿ, ಮನೆ ಖಾಲಿ ಇದ್ರೆ ಚಿಲಕ. ಒಳಗೆ ಯಾರಾದ್ರೂ ಇರೋವಾಗ ಹೊರಗಿಂದ ಚಿಲಕ ಹಾಕಿದ್ರೆ ನಮ್ಮಜ್ಜಿಗೆ ಸಿಟ್ಟು ನೆತ್ತಿಗೇರ್ತಿತ್ತು. ಆಟಕ್ಕೆ ಹಾಕಿದ ಹುಡುಗರಿಗೂ ಸೌದೆ ತುಂಡಲ್ಲಿ ಬೀಳ್ತಿತ್ತು. 'ಸುಡುಗಾಡಿನ ಬುದ್ಧಿ' ಅಂತಿದ್ಲು. ಆಗ ಅದು ಶಕುನದ ಮಾತು ಅಂದ್ಕೊಂಡಿದ್ದೆ. ಒಳಗೆ ಸೌದೆ ಒಲೆ, ಅಟ್ಟದ ತುಂಬ ಒಣ ತೆಂಗಿನ ಮಟ್ಟೆ, ಹಿತ್ತಲಲ್ಲಿ ಹುಲ್ಲಿನ ಬಣವೆ. ಅಜ್ಜಿ ಶಕುನ ನೋಡ್ತಿರಲಿಲ್ಲ, ಒಲೆ ನೋಡ್ತಿದ್ಲು.

ಅಗುಳಿ ತೆಗೆಯೋಕೆ ಕೈ ಸಾಕು, ಬೇರೇನೂ ಬೇಡ. ಕೀ ಬೇಡ, ಕರೆಂಟು ಬೇಡ, ಲಿಸ್ಟಿನಲ್ಲಿ ಹೆಸರು ಬೇಡ.

ಟೆಕ್ನೀಷಿಯನ್ ಹುಡುಗ ಬಂದದ್ದು ಶನಿವಾರ ಬೆಳಿಗ್ಗೆ. ರಾಯಚೂರು ಕಡೆಯವನು, ಇಪ್ಪತ್ತಮೂರೋ ನಾಲ್ಕೋ. ಒಂದು ಭುಜಕ್ಕೆ ಡ್ರಿಲ್ಲಿಂಗ್ ಮಶೀನು, ಇನ್ನೊಂದಕ್ಕೆ ಕೇಬಲ್ ಸುರುಳಿ. ಬಂದವನೇ ಮಶೀನು ಹಚ್ಚಲಿಲ್ಲ, ಗೋಡೆ ತಟ್ಟಿದ. ಬೆರಳಿನ ಗೆಣ್ಣಲ್ಲಿ, ಹಲಸಿನ ಹಣ್ಣು ತಟ್ಟೋ ಹಾಗೆ. ಬಾಗಿಲಿನ ಬಲಗಡೆ 'ಟಪ್ ಟಪ್' ಅಂತ ಗಟ್ಟಿ ಸದ್ದು, ಎಡಗಡೆ 'ಡಬ್ ಡಬ್'. 'ಈ ಕಡೆ ಇಟ್ಟಂಗಿ ಅದರಿ, ಆ ಕಡೆ ಬರೇ ಜಿಪ್ಸಮ್ ಹಲಗಿ. ಹಂಗ ಸ್ಕ್ರೂ ಹೊಡದ್ರ ನಾಳೆ ಡಬ್ಬಿ ನೆಲಕ್ಕ ಬೀಳತ್ತ' ಅಂದ. ನಾಲ್ಕು ವರ್ಷದಿಂದ ಆ ಗೋಡೆಗೆ ಒರಗಿ ಕಾಫಿ ಕುಡಿದಿದ್ದೆ. ಒಳಗೆ ಟೊಳ್ಳು ಅಂತ ತಿಳಿದದ್ದು ಅವತ್ತೇ.

ಇಟ್ಟಿಗೆ ಗೋಡೆಗೆ ಕೆಲಸ ಸುಲಭ. ಡ್ರಿಲ್ಲು ಕೊರೀತಾ ಕೆಂಪು ಪುಡಿ ಉದುರ್ತಿದ್ರೆ ಸರಿಯಾದ ಜಾಗ ಅಂತ ಅರ್ಥ. ತೂತಿಗೆ ಪ್ಲಾಸ್ಟಿಕ್ ಗಿಟ್ಟಿ ಬಡಿದು ಸ್ಕ್ರೂ ತಿರುವಿದ್ರೆ ಗಿಟ್ಟಿ ಒಳಗೆ ಅರಳಿ ಗೋಡೆಯನ್ನ ಕಚ್ಕೊಳತ್ತೆ. ನಮ್ಮೂರಲ್ಲಿ ಗೋಡೆ ಹಸಿ ಇರೋವಾಗಲೇ ಮರದ ಗೂಟ ಕೂರಿಸ್ತಿದ್ರು, ತತ್ವ ಅದೇ. ಜಿಪ್ಸಮ್ ಕಡೆ ಆಟ ಬೇರೆ. ಆ ಹಲಗೆಗಳ ಹಿಂದೆ ಅಲ್ಲಲ್ಲಿ ತಗಡಿನ ಕಂಬಗಳಿರ್ತವೆ, ಹಲಗೆಯನ್ನ ಅವಕ್ಕೆ ಸ್ಕ್ರೂ ಹೊಡೆದಿರ್ತಾರೆ, ಮೇಲೆ ಬಣ್ಣ ಬಳಿದ ಮೇಲೆ ಏನೂ ಕಾಣಲ್ಲ. ಹುಡುಗ ಜೇಬಿನಿಂದ ಹಳೇ ಸ್ಪೀಕರಿನ ಒಂದು ಆಯಸ್ಕಾಂತದ ಚೂರು ತೆಗೆದು ಗೋಡೆ ಮೇಲೆ ಮೆಲ್ಲಗೆ ಜಾರಿಸಿದ. ಒಂದು ಕಡೆ ಅದು ಚಟ್ ಅಂತ ಅಂಟ್ತು. ಅದರ ಕೆಳಗೆ ಇನ್ನೊಂದು ಕಡೆ. ಪೆನ್ಸಿಲ್ಲಲ್ಲಿ ಗೆರೆ ಎಳೆದ. ನಾನು ಆ ಹೊತ್ತಿಗೆ ಮೊಬೈಲಿನಲ್ಲಿ ಸ್ಟಡ್ ಫೈಂಡರ್ ಆ್ಯಪ್ ಹುಡುಕ್ತಾ ಇದ್ದೆ. ಅವನು ನೋಡಿದ, ಏನೂ ಅನ್ನಲಿಲ್ಲ.

ಕಂಟ್ರೋಲರ್ ಪೆಟ್ಟಿಗೆ ಇಟ್ಟಿಗೆ ಗೋಡೆಗೆ, ಏಳಡಿ ಎತ್ತರಕ್ಕೆ. ಹೊರಗಿನ ರೀಡರ್ ನಾಲ್ಕಡಿಗಿಂತ ಸ್ವಲ್ಪ ಕೆಳಗೆ. 'ಎಲ್ಲಾರೂ ಐದಡಿಗೆ ಹಾಕ್ರಿ ಅಂತಾರ, ಗಾಲಿ ಕುರ್ಚ್ಯಾಗ ಬಂದಾವ್ರು ಏನ್ ಮಾಡ್ಬೇಕ್ರಿ?' ಅಂದ. ಇದನ್ನ ನಾನು ಹೇಳಿಕೊಟ್ಟದ್ದಲ್ಲ. ರೀಡರಿನಿಂದ ಕಂಟ್ರೋಲರಿಗೆ ಒಂದು ಕೇಬಲ್ಲು. ಅದರೊಳಗೆ ಕೆಂಪು ಕಪ್ಪು ಕರೆಂಟಿಗೆ, ಹಸಿರು ಬಿಳಿ ಮಾತಿಗೆ. ಹಸಿರು ಅಂದ್ರೆ ಸೊನ್ನೆ, ಬಿಳಿ ಅಂದ್ರೆ ಒಂದು. ವೀಗ್ಯಾಂಡ್ ಅನ್ನೋ ಈ ಹಳೇ ಭಾಷೆಯಲ್ಲಿ ನೀವು ಕಾರ್ಡು ತೋರಿಸಿದ ಕೂಡಲೇ 26 ಬಿಟ್ ಹರಿಯತ್ತೆ: ಆಚೆ ಈಚೆ ಒಂದೊಂದು ಪ್ಯಾರಿಟಿ, ನಡುವೆ 8 ಬಿಟ್ ಜಾಗದ ಗುರುತು, 16 ಬಿಟ್ ನಿಮ್ಮ ನಂಬರು. ಗುಟ್ಟು ಗಿಟ್ಟು ಏನಿಲ್ಲ, ಬಹಿರಂಗವಾಗಿ ಕೂಗೋದೇ. ಹೆಸರಿಲ್ಲ, ಹುದ್ದೆ ಇಲ್ಲ. ಸಿಇಒ ಕಾರ್ಡಿಗೂ ಹೌಸ್‌ಕೀಪಿಂಗ್ ಕಾರ್ಡಿಗೂ ವೈರಿನಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ವ್ಯತ್ಯಾಸ ಇರೋದು ಕಂಟ್ರೋಲರ್ ಒಳಗಿನ ಲಿಸ್ಟಿನಲ್ಲಿ.

ಲಿಸ್ಟು ಅಂದ ಕೂಡಲೇ ಅಕ್ಕನ ವಿಷಯ ಬಂತು.

ಎಚ್‌ಆರ್ ಕೊಟ್ಟ ಹಾಳೆಯಲ್ಲಿ 28 ಹೆಸರು. ಅಕ್ಕ ಏಜೆನ್ಸಿ ಮೂಲಕ ಬರೋರು, ನಮ್ಮ ಎಂಪ್ಲಾಯಿ ಅಲ್ಲ, ಎಂಪ್ಲಾಯಿ ನಂಬರ್ ಇಲ್ಲದೆ ಸಾಫ್ಟ್‌ವೇರಿನಲ್ಲಿ ಸಾಲು ಸೇರಿಸೋಕಾಗಲ್ಲ. ಬೆಳಿಗ್ಗೆ ಬಾಗಿಲು? ಕಟ್ಟಡದ ವಾಚ್‌ಮನ್ ಹತ್ತಿರ ಒಂದು ಮಾಸ್ಟರ್ ಕಾರ್ಡ್ ಇರತ್ತೆ, ಅವನು ತೆಗೆದು ಕೊಡ್ತಾನೆ, ಅಕ್ಕ ಒಳಗೆ ಹೋಗ್ತಾರೆ, ಬಾಗಿಲು ತಾನಾಗೇ ಮುಚ್ಕೊಳತ್ತೆ. ಎಲ್ಲ ಯೋಚನೆ ಮಾಡಿದ್ದೀವಿ ಅನ್ನೋ ಥರ ಎಚ್‌ಆರ್ ಹೇಳಿದ್ರು. ಅಕ್ಕ ಅಲ್ಲೇ ಪಕ್ಕದಲ್ಲಿ ಡ್ರಿಲ್ಲಿನ ಪುಡಿ ಗುಡಿಸ್ತಾ ಇದ್ರು. ಪೊರಕೆ ನಿಲ್ಲಿಸಿ ಕೇಳಿದ್ರು:

'ಸಾರ್, ನೀರು ಹಿಡಿಯೋಕೆ?'

ನಮ್ಮ ಆಫೀಸಿನೊಳಗೆ ನಲ್ಲಿ ಇಲ್ಲ. ನಲ್ಲಿ, ಟಾಯ್ಲೆಟ್ಟು ಎರಡೂ ಕಾರಿಡಾರಿನಲ್ಲಿ, ಮಹಡಿಯವರಿಗೆಲ್ಲ ಸೇರಿ. ನೆಲ ಒರೆಸೋಕೆ ದಿನಾ ಆರೇಳು ಬಕೆಟ್ಟು ನೀರು. ಅಂದ್ರೆ ಆರೇಳು ಸಲ ಹೊರಗೆ, ಆರೇಳು ಸಲ ಒಳಗೆ. ಹೊರಗೆ ಹೋಗೋಕೂ ಕಾರ್ಡು ಬೇಕು ಅಂತಿರೋ ಬಾಗಿಲಿನೊಳಗೆ, ಕಾರ್ಡೇ ಇಲ್ಲದ ಒಬ್ಬ ಹೆಂಗಸು, ಆರೂವರೆಯಿಂದ ಎಂಟೂವರೆವರೆಗೆ ಒಬ್ಬಳೇ. ಪಕ್ಕದಲ್ಲಿ ಕುದೀತಿರೋ ಕೆಟಲ್ಲು, ಮೂಲೆಯಲ್ಲಿ ಯುಪಿಎಸ್ ಬ್ಯಾಟರಿಗಳ ಸಾಲು. ವಾಚ್‌ಮನ್ ಆ ಹೊತ್ತಿಗೆ ಹಾಲು ತರೋಕೆ ಹೋಗಿರ್ತಾನೆ ಅನ್ನೋದು ಇಡೀ ಕಟ್ಟಡಕ್ಕೆ ಗೊತ್ತು.

ಇದನ್ನ ಯಾರೂ ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ, ಅದಂತೂ ನಿಜ. ಅವರ ಹೆಸರು ಹಾಳೆಯಲ್ಲಿ ಇರಲಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ನಾಲ್ಕು ವರ್ಷ ಬಾಗಿಲಿನ ಕೀ ಇದ್ದದ್ದೇ ಅವರ ಹತ್ತಿರ!

ಎಕ್ಸಿಟ್ ಬಟನ್ ಹಾಕ್ಬಿಡಿ, ಮುಗೀತಲ್ಲ ಅಂದ್ರು ಒಬ್ಬರು. ಬಾಗಿಲ ಪಕ್ಕ ಒಂದು ಸ್ವಿಚ್ಚು, ಒತ್ತಿದ್ರೆ ತೆರ್ಕೊಳೋದು. ಬಹಳ ಕಡೆ ಇರತ್ತೆ, ನಿಮ್ಮ ಆಫೀಸಲ್ಲೂ ಇರಬಹುದು. ಆದ್ರೆ ಕಂಟ್ರೋಲರ್ ಬೋರ್ಡಿನ ಮೇಲೆ ಆ ವೈರು ಸೇರೋ ಜಾಗಕ್ಕೆ ಏನಂತ ಬರೆದಿರ್ತಾರೆ ಗೊತ್ತಾ? ರೆಕ್ಸ್. ರಿಕ್ವೆಸ್ಟ್ ಟು ಎಕ್ಸಿಟ್. ಹೊರಗೆ ಹೋಗಲು ಅನುಮತಿ ಕೋರಿ ಅರ್ಜಿ. ನಮ್ಮ ತಾಲ್ಲೂಕು ಕಚೇರಿ ನೆನಪಾಯ್ತು ನನಗೆ. ನೀವು ಬಟನ್ ಒತ್ತಿದಾಗ ಬಾಗಿಲು ತೆರೆಯಲ್ಲ, ಅರ್ಜಿ ಹೋಗತ್ತೆ. ಕಂಟ್ರೋಲರ್ ಅದನ್ನ ಓದಿ, ಮಂಜೂರು ಮಾಡಿ, ರಿಲೇಗೆ ಹೇಳತ್ತೆ. ಸಾವಿರಕ್ಕೆ 999 ಸಲ ಇದೆಲ್ಲ ಕಣ್ಣು ಮಿಟುಕಿಸೋದರೊಳಗೆ ಆಗತ್ತೆ. ಇನ್ನೊಂದು ಸಲ ಕಂಟ್ರೋಲರ್ ಹ್ಯಾಂಗ್ ಆಗಿರತ್ತೆ. ಸಾಫ್ಟ್‌ವೇರ್ ಬರೆಯೋನು ನಾನು, ಹ್ಯಾಂಗ್ ಆಗಲ್ಲ ಅಂತ ಯಾರಾದ್ರೂ ಪ್ರಮಾಣ ಮಾಡಿದ್ರೆ ನಂಬೋ ವಯಸ್ಸು ದಾಟಿದೆ. ನಮ್ಮ ಕೆಲಸದಲ್ಲಿ ಏನೇ ಕೆಟ್ರೂ ನಾಳೆ ಒಂದು ಪ್ಯಾಚ್ ಕಳಿಸ್ಬಹುದು. ಹೊಗೆ ತುಂಬಿದ ಕೋಣೆಗೆ ಪ್ಯಾಚ್ ಕಳಿಸೋಕಾಗಲ್ಲ.

ಹಾಗಾದ್ರೆ ಆಯಸ್ಕಾಂತದ ಬೀಗ ಹಾಕೋಣ, ಬೆಂಕಿ ಬಿದ್ದಾಗ ಹೇಗೂ ಕರೆಂಟು ಹೋಗತ್ತೆ, ಬಾಗಿಲು ತಾನೇ ಬಿಡತ್ತೆ ಅಂತ ಇನ್ನೊಬ್ಬರು. ಕೇಳೋಕೆ ಸರಿಯಾಗೇ ಇದೆ. ಆದ್ರೆ ಕೋಟೇಶನ್‌ನ ಮೂರನೇ ಸಾಲು ಓದಿ: 12 ವೋಲ್ಟ್ 7 ಎಎಚ್ ಬ್ಯಾಟರಿ. ಬೆಂಗಳೂರಲ್ಲಿ ಕರೆಂಟು ಹೋದಾಗೆಲ್ಲ ಆಫೀಸು ಬಾಗಿಲು ಬಾಯಿ ಬಿಡಬಾರದಲ್ಲ, ಅದಕ್ಕೇ ಇದು. ಬೀಗಕ್ಕೆ ಅರ್ಧ ಆಂಪಿಯರ್, ಕಂಟ್ರೋಲರ್ರು ರೀಡರ್ರು ಸೇರಿ ಇನ್ನೊಂದು ಕಾಲು. ಏಳನ್ನ ಮುಕ್ಕಾಲಿಂದ ಭಾಗಿಸಿ. ಲೆಕ್ಕದ ಪ್ರಕಾರ ಒಂಬತ್ತು ಗಂಟೆ, ಹಳೇ ಬ್ಯಾಟರಿ ಅಂದ್ರೆ ಐದಾರು. ಅಂದ್ರೆ ಕರೆಂಟು ಹೋದ ಮೇಲೂ ಅಷ್ಟು ಹೊತ್ತು ಆ ಆಯಸ್ಕಾಂತ 280 ಕಿಲೋ ತೂಕದ ಹಿಡಿತ ಬಿಡಲ್ಲ. ಫೇಲ್ ಸೇಫ್ ಅಂತ ಡಬ್ಬಿ ಮೇಲೆ ಬರೆದಿರತ್ತೆ, ಪಕ್ಕದಲ್ಲೇ ಬ್ಯಾಟರಿ ಇಟ್ಟು ನಾವೇ ಅದನ್ನ ಅಳಿಸಿರ್ತೀವಿ.

ಇದಕ್ಕೆ ಮದ್ದು ಇಲ್ಲದೇ ಇಲ್ಲ. ಹಸಿರು ಬಣ್ಣದ ಒಂದು ಡಬ್ಬಿ, ಬ್ರೇಕ್ ಗ್ಲಾಸ್ ಅಂತಾರೆ. ಹೊಸತರಲ್ಲಿ ಗಾಜಿನ ಬದಲು ಪ್ಲಾಸ್ಟಿಕ್ ಹಲಗೆ, ಒತ್ತಿದ್ರೆ ಒಳಗೆ ಕುಸಿಯತ್ತೆ. ಅದರ ವೈಶಿಷ್ಟ್ಯ ಅಂದ್ರೆ ಅದು ಯಾರಿಗೂ ಅರ್ಜಿ ಹಾಕಲ್ಲ. ಬೀಗಕ್ಕೆ ಹೋಗೋ ಕರೆಂಟಿನ ವೈರೇ ಅದರ ಮೂಲಕ ಹಾದು ಹೋಗಿರತ್ತೆ. ಒತ್ತಿದ್ರೆ ವೈರು ತುಂಡು. ಕಂಟ್ರೋಲರ್ ಬದುಕಿರಲಿ ಸತ್ತಿರಲಿ, ಬ್ಯಾಟರಿ ತುಂಬಿರಲಿ ಖಾಲಿ ಇರಲಿ, ಲಿಸ್ಟಿನಲ್ಲಿ ಹೆಸರು ಇರಲಿ ಬಿಡಲಿ. ಕಟ್ಟಡಕ್ಕೆ ಫೈರ್ ಅಲಾರಂ ಇದ್ರೆ ಅದರ ರಿಲೇಯನ್ನೂ ಇದೇ ಸಾಲಿಗೆ ಪೋಣಿಸ್ಬೇಕು. ನಮ್ಮ ಕಟ್ಟಡದಲ್ಲಿ ಅಲಾರಂ ಇರಲಿಲ್ಲ. ಕೆಂಪು ಬಕೆಟ್ಟುಗಳಿದ್ವು, ಮರಳಿನ ಬದಲು ಪಾನ್‌ಪರಾಗ್ ಚೀಟಿ ತುಂಬಿದ್ದವು.

ಸೋಮವಾರ ಬಾಸ್ ಜೊತೆ ಕೂತೆ. ಅವರ ವಾದಗಳನ್ನ ಹಗುರ ಮಾಡಿ ಹೇಳಲ್ಲ, ಯಾಕಂದ್ರೆ ಅವೂ ವಾದಗಳೇ. ಒಂದು, ಗಂಟೆಯ ಲೆಕ್ಕ ಬೇಕು, ಕ್ಲೈಂಟಿಗೆ ಬಿಲ್ ಹೋಗೋದು ಅದರ ಮೇಲೆ. ಎರಡು, ಹಸಿರು ಡಬ್ಬಿ ಒತ್ತಿ ಯಾರಾದ್ರೂ ಲ್ಯಾಪ್‌ಟಾಪ್ ಎತ್ಕೊಂಡು ಹೋದ್ರೆ? ಮೂರು, ಇಷ್ಟು ಸಣ್ಣ ಆಫೀಸಿಗೆ ಇಷ್ಟೆಲ್ಲ ಬೇಕಾ?

ನಾನು ಹೇಳಿದ್ದು: ಒಳಗಿನ ರೀಡರ್ ಇರಲಿ, ಗಂಟೆ ಎಣಿಸಲಿ. ಆದ್ರೆ ಎಣಿಸೋ ಕೆಲಸಕ್ಕೂ ಬೀಗ ಹಿಡಿಯೋ ಕೆಲಸಕ್ಕೂ ಗಂಟು ಹಾಕಬಾರದು. ಹಸಿರು ಡಬ್ಬಿ ಒತ್ತಿದ್ರೆ ಬಜರ್ ಕೂಗತ್ತೆ, ಲಾಗ್‌ನಲ್ಲಿ ಕಾರ್ಡಿಲ್ಲದೆ ಬಾಗಿಲು ತೆರೀತು ಅಂತ ಹೊತ್ತು ಸಮೇತ ಬೀಳತ್ತೆ, ಕಳ್ಳತನ ಮಾಡೋನು ಅಷ್ಟು ಗದ್ದಲ ಮಾಡ್ಕೊಂಡು ಹೋಗಲ್ಲ. ಡಬ್ಬಿಯ ಬೆಲೆ ನಮ್ಮ ಶುಕ್ರವಾರದ ಪಿಜ್ಜಾ ಬಿಲ್ಲಿಗಿಂತ ಕಡಿಮೆ.

ಮೂರನೇದಕ್ಕೆ ಕಾರ್ಲ್ಟನ್ ಟವರ್ಸ್ ನೆನಪಿಸಿದೆ. 2010ರ ಫೆಬ್ರವರಿ 23. ಹಳೆ ಏರ್‌ಪೋರ್ಟ್ ರಸ್ತೆಯ ಆ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಜನ ಹೋದರು, ಕೆಲವರು ಕಿಟಕಿ ಗಾಜು ಒಡೆದು ಕೆಳಗೆ ಹಾರಿದರು. ತುರ್ತು ದಾರಿಗಳಿಗೆ ಬೀಗ ಬಿದ್ದಿತ್ತು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ನಾನಾಗ ಇನ್ನೂ ಓದ್ತಾ ಇದ್ದೆ, ಹಾಸ್ಟೆಲಿನ ಟಿವಿ ಮುಂದೆ ನಿಂತು ನೋಡಿದ್ದೆ. ಬೆಂಗಳೂರಲ್ಲಿ ಕೆಲಸ ಸಿಗ್ಬೇಕು ಅಂತ ಕನಸು ಕಾಣ್ತಿದ್ದ ನಮಗೆಲ್ಲ ಅಂಥ ಗಾಜಿನ ಕಟ್ಟಡಗಳೇ ಕನಸಿನ ಮನೆಗಳು. ಸತ್ತವರು ನಮ್ಮಂಥೋರೇ, ಕೆಲಸಕ್ಕೆ ಅಂತ ಬೆಳಿಗ್ಗೆ ಹೋದೋರು.

ಇನ್ನೂ ಹಿಂದಕ್ಕೆ ಹೋದ್ರೆ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ವಿಕ್ಟೋರಿಯಾ ಹಾಲ್ ಇದೆ. 1883ರ ಜೂನ್ 16. ಮಕ್ಕಳ ಆಟದ ಕಾರ್ಯಕ್ರಮ, ಕೊನೆಗೆ ಬಹುಮಾನ ಹಂಚ್ತಾರೆ ಅಂತ ಮೇಲಿನ ಗ್ಯಾಲರಿಯ ಮಕ್ಕಳು ಮೆಟ್ಟಿಲಿಳಿದು ಓಡಿದ್ವು. ಮೆಟ್ಟಿಲ ಬುಡದ ಬಾಗಿಲು ಒಳಮುಖವಾಗಿ ತೆರೆಯೋದು, ಅದನ್ನೂ ಒಂದೊಂದೇ ಮಗು ದಾಟಲಿ ಅಂತ ಸ್ವಲ್ಪವೇ ಸಂದಿ ಬಿಟ್ಟು ಬೋಲ್ಟ್ ಹಾಕಿದ್ರು. ಟಿಕೆಟ್ ಲೆಕ್ಕಕ್ಕೆ ಅಂತಾನೂ ಹೇಳ್ತಾರೆ. 183 ಮಕ್ಕಳು. ಬೆಂಕಿ ಇಲ್ಲ, ಹೊಗೆ ಇಲ್ಲ, ಬರೀ ಬಾಗಿಲು. ಆ ದುರಂತದ ನಂತರವೇ ರಾಬರ್ಟ್ ಬ್ರಿಗ್ಸ್ ಅನ್ನೋರು ಮೈ ತಾಗಿದ್ರೆ ತೆರೆಯೋ ಪ್ಯಾನಿಕ್ ಬೋಲ್ಟ್‌ಗೆ 1892ರಲ್ಲಿ ಪೇಟೆಂಟ್ ತಗೊಂಡದ್ದು. ಸಿನಿಮಾ ಹಾಲಿನ ಬಾಗಿಲಿಗೆ ಅಡ್ಡಡ್ಡ ಇರೋ ಆ ಕಬ್ಬಿಣದ ಸರಳು ಅದೇ. ಅಗುಳಿಯ ಹಾಗೇ, ತೆಗೆಯೋಕೆ ಕೈ ಸಾಕು. ಕೈಯೂ ಬೇಡ, ಹಿಂದಿನೋರು ತಳ್ಳಿದ್ರೂ ಸಾಕು.

ಬಾಸ್ ಸುಮ್ಮನೆ ಕೇಳಿದ್ರು. ಮುಖ ಚಿಕ್ಕದಾಯ್ತು, ಒಪ್ಪಿದ ಹಾಗೆ ಕಾಣಲಿಲ್ಲ. ಕೊನೆಗೆ ನಾನು ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ ನಾಲ್ಕನೇ ಭಾಗ ತೆಗೆದು ತೋರಿಸಿದೆ. ಹೊರಹೋಗೋ ಬಾಗಿಲು ಒಳಗಿನವರಿಗೆ ಕೀಲಿ ಇಲ್ಲದೆ ತೆಗೆಯೋ ಹಾಗಿರ್ಬೇಕು ಅಂತ ಅದರಲ್ಲಿದೆ. 'ಇದನ್ನ ಆಡಿಟ್‌ನಲ್ಲಿ ಕೇಳ್ತಾರಾ?' ಅಂದ್ರು. ಕೇಳಬಹುದು ಅಂದೆ. 'ಹಾಗಾದ್ರೆ ಹಾಕ್ಸಿಬಿಡಿ.' 183 ಮಕ್ಕಳಿಂದ ಆಗದ್ದು ಒಂದು ಎಕ್ಸೆಲ್ ಹಾಳೆಯಿಂದ ಆಯ್ತು. ನಾನೇನೂ ಬೇಜಾರು ಮಾಡ್ಕೊಳ್ಳಲಿಲ್ಲ, ಡಬ್ಬಿ ಗೋಡೆಗೆ ಬಂದ್ರೆ ಸಾಕಾಗಿತ್ತು.

ಮುಂದಿನ ಶನಿವಾರ ಹುಡುಗ ಮತ್ತೆ ಬಂದ. ಬೋಲ್ಟ್ ವಾಪಸ್, ಅದರ ಬದಲು ಆಯಸ್ಕಾಂತದ ಬೀಗ. ಬಾಗಿಲಿನ ಕಡೆಯ ಕಬ್ಬಿಣದ ಪಟ್ಟಿಯನ್ನ ಅವನು ಬಿಗಿಯಾಗಿ ಕಟ್ಟಲೇ ಇಲ್ಲ, ರಬ್ಬರ್ ವಾಷರ್ ಹಾಕಿ ಸ್ವಲ್ಪ ಅಲ್ಲಾಡೋ ಹಾಗೆ ಬಿಟ್ಟ. 'ಬಿಗೀ ಮಾಡಿದ್ರ ಮುಖಕ್ಕ ಮುಖ ಕೂಡಂಗಿಲ್ರಿ. ಸಡ್ಲ ಇದ್ರನ ಗಟ್ಟಿ ಹಿಡೀತದ' ಅಂದ. ಬೀಗದ ಎರಡು ತುದಿಗೆ ಒಂದು ಪುಟ್ಟ ಡಯೋಡ್ ತಿರುಗುಮುರುಗಾಗಿ ಕಟ್ಟಿದ. ಅದು ಏನಕ್ಕೆ ಅಂತ ಕೇಳಿದೆ, ಗೊತ್ತಿದ್ರೂ. 'ಕರೆಂಟ್ ಕಟ್ ಆದ ಕೂಡ್ಲೆ ಕಾಯಿಲ್ ಒಂದ್ ಸಲ ಹಿಂದಕ್ಕ ಒದೀತದರಿ, ರಿಲೇ ಸುಟ್ಟ ಹೋಗ್ತದ. ಒದ್ದದ್ದನ್ನ ಇದು ಕುಡೀತದ.' ನಮ್ಮ ಪ್ರೊಫೆಸರು ಇದನ್ನೇ ಎರಡು ಬೋರ್ಡು ತುಂಬ ಬರೆದಿದ್ರು. ಇವನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೋನು.

ಹಸಿರು ಡಬ್ಬಿಗೆ ಜಾಗ ಹುಡುಕೋವಾಗ ಇಂಟೀರಿಯರ್ ಮಾಡಿದ ಹುಡುಗಿ ಬಂದು, ಆ ಬಣ್ಣ ನಮ್ಮ ಗೋಡೆಗೆ ಹೊಂದಲ್ಲ, ಗಿಡದ ಕುಂಡದ ಹಿಂದೆ ಹಾಕ್ಬಹುದಾ ಅಂದಳು. ಕುಂಡ ಆ ಕಡೆಯಿಂದ ಎದ್ದು ಹೋಯ್ತು.

ಅಕ್ಕನಿಗೆ ಕಾರ್ಡು ಸಿಕ್ತು. ಎಂಪ್ಲಾಯಿ ನಂಬರ್ ಜಾಗದಲ್ಲಿ 'ವಿ 01' ಅಂತ ಹೊಡೆದೆ, ಸಾಫ್ಟ್‌ವೇರು ಮರುಮಾತಿಲ್ಲದೆ ತಗೊಂಡ್ತು. ಇಷ್ಟಕ್ಕೆ ಒಂದು ವಾರ ಮೇಲ್ ಓಡಾಡಿದ್ವು! ಕಾರ್ಡನ್ನೂ ಅವರು ಅದೇ ಪಿನ್ನಿಗೆ ಸಿಕ್ಕಿಸ್ಕೊಂಡ್ರು. ಬಕೆಟ್ಟು ಹಿಡಿದಾಗ ಕೈ ಖಾಲಿ ಇರಲ್ಲವಲ್ಲ, ರೀಡರ್ ಹತ್ತಿರ ಸ್ವಲ್ಪ ಬಗ್ತಾರೆ, ಕೀಂ ಅನ್ನತ್ತೆ, ಬಾಗಿಲು ಬಿಡತ್ತೆ. ರೀಡರ್ ಕೆಳಗಿದ್ದದ್ದು ಇದಕ್ಕೂ ಬಂತು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಮೇನ್ ಸ್ವಿಚ್ ಆರಿಸಿದೆ. ಬ್ಯಾಟರಿ ಮೇಲೆ ಬೀಗ ಹಿಡ್ಕೊಂಡೇ ಇತ್ತು, ನಾನು ಎಳೆದು ನೋಡಿದೆ, ಹುಡುಗ ಎಳೆದು ನೋಡಿದ, ಜಪ್ಪಯ್ಯ ಅನ್ನಲಿಲ್ಲ. ನೆಟ್‌ವರ್ಕ್ ಕೇಬಲ್ ಕಿತ್ತೆ. ಆಮೇಲೆ ಕಂಟ್ರೋಲರಿನ ಫ್ಯೂಸು ತೆಗೆಸಿ ಅದನ್ನೇ ಸಾಯಿಸಿದೆ. ಬೀಗಕ್ಕೆ ಬೇರೆ ಸಾಲಿನಿಂದ ಕರೆಂಟು ಇತ್ತು, ಅದು ಹಿಡ್ಕೊಂಡೇ ಇತ್ತು. ಎಕ್ಸಿಟ್ ಬಟನ್ ಒತ್ತಿದೆ. ಏನೂ ಆಗಲಿಲ್ಲ. ಅರ್ಜಿ ತಗೊಳೋರೇ ಇರಲಿಲ್ಲ. ಬಾಸ್ ಅದನ್ನ ಎರಡು ಸಲ ಒತ್ತಿ ನೋಡಿದ್ರು, ಮೂರನೇ ಸಲ ಜೋರಾಗಿ ಒತ್ತಿದ್ರು. ನಾನು ಅಕ್ಕನನ್ನ ಕರೆದು ಹಸಿರು ಡಬ್ಬಿ ತೋರಿಸಿದೆ. ಅವರು ಸೆರಗಿಗೆ ಕೈ ಒರೆಸ್ಕೊಂಡು, 'ಮುರಿದೋದ್ರೆ ಬೈಬೇಡಿ ಸಾರ್' ಅಂತ ಹೆಬ್ಬೆರಳಲ್ಲಿ ಒತ್ತಿದ್ರು. ಟಪ್. ಬಾಗಿಲು ತಾನಾಗೇ ಒಂದಿಂಚು ಸರಿದು, ಕಾರಿಡಾರಿನ ಬೇಕರಿ ವಾಸನೆ ಒಳಗೆ ಬಂತು.

ಹುಡುಗ ಸಾಮಾನು ಕಟ್ಟಿದ. ಕೆಳಗೆ ಟೀ ಕುಡೀತಾ ಮುಂದಿನ ಕೆಲಸ ಎಲ್ಲಿ ಅಂತ ಕೇಳಿದೆ. ಇಲ್ಲೇ ಎರಡು ರಸ್ತೆ ಆಚೆ, ನಾಲ್ಕನೇ ಮಹಡಿ, ಕಾಲ್ ಸೆಂಟರು. ರಾತ್ರಿ ಪಾಳಿಗೆ ಅರವತ್ತು ಮಂದಿ ಕೂರ್ತಾರಂತೆ. ಎರಡು ರೀಡರು, ಎಲೆಕ್ಟ್ರಿಕ್ ಬೋಲ್ಟು.

'ಹಸಿರು ಡಬ್ಬಿ?'

'ಕೋಟೇಶನ್‌ದಾಗ ಇಲ್ರಿ. ಕೇಳಿದ್ರ ಹಾಕ್ತೀವಿ. ಯಾರೂ ಕೇಳಂಗಿಲ್ರಿ.' ಟೀ ಲೋಟ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೊಬೈಲು ತೆಗೆದ. 'ಆ ಪುಸ್ತಕದ ಹಾಳಿ, ನಿಮ್ಮ ಸಾಹೇಬ್ರಿಗೆ ತೋರ್ಸಿದ್ರಲ್ರಿ, ಅದನ್ನ ನನಗೊಂದ್ ಕಳಸ್ತೀರೇನ್ರಿ?'

ಅಲ್ಲೇ ನಿಂತು ಕಳಿಸಿದೆ. ಎರಡು ನೀಲಿ ಗೆರೆ ಬಿದ್ವು. ಅವನು ಡ್ರಿಲ್ಲಿಂಗ್ ಮಶೀನು ಹೆಗಲಿಗೇರಿಸಿ, ಬೈಕಿನ ಹಿಂದೆ ಕೇಬಲ್ ಸುರುಳಿ ಸಿಕ್ಕಿಸಿ ಹೊರಟ.